‘ಚೆನ್ನಾಗಿತ್ತು’ ಎಂದರಷ್ಟೇ ಸಾಲದು

ಊರಿನಿಂದ ಬಂದ ನೆಂಟರಿಗೆ ಫೋರ್ಟ್ ಕೊಚ್ಚಿಯಲ್ಲಿ ಚೀನೀ ಬಲೆಗಳನ್ನು ತೋರಿಸಿದ ಮೇಲೆ ಕನ್ನಡಿಗರು ಕರೆದೊಯ್ಯುವುದು ಕಥಕಳಿಗೆ. ಹೇಗಿತ್ತು ಎಂದು ಕೇಳಿದರೆ ಉತ್ತರ ಒಂದೇ: ‘ಚೆನ್ನಾಗಿತ್ತು.’ ಮುಂದೆ ನೋಡುವವರಿಗೆ ಇದರಿಂದ ಯಾವ ಪ್ರಯೋಜನ?

ಹೇಳಬೇಕಾದ ಮಾತು ಬೇರೆ ಇದೆ. ಇಲ್ಲಿನ ಸಂಜೆಯ ಪ್ರದರ್ಶನಕ್ಕೆ ಬೇಗನೆ ಹೋದರೆ ಬಣ್ಣಗಾರಿಕೆಯನ್ನೂ ಚುಟ್ಟಿಯ ಕೆಲಸವನ್ನೂ ಹತ್ತಿರದಿಂದ ನೋಡಬಹುದು. ಆದರೆ ಆಟ ಒಂದು ತುಣುಕು ಮಾತ್ರ. ಅದರಿಂದ ಕಥಕಳಿಯನ್ನು ಅಳೆಯುವುದು, ಒಡ್ಡೋಲಗ ನೋಡಿ ಇಡೀ ಯಕ್ಷಗಾನ ಪ್ರಸಂಗವನ್ನು ಅಳೆದಂತೆ. ಆಸಕ್ತರಿಗೆ ತೃಪ್ಪೂಣಿತ್ತುರದ ವೃಶ್ಚಿಕೋತ್ಸವದ ರಾತ್ರಿಯಿಡೀ ಆಟವನ್ನು ಸೂಚಿಸಬೇಕು. ತಿರುವನಂತಪುರಕ್ಕೆ ಹೋಗುವವರಿಗೆ ‘ಮಾರ್ಗಿ’ಯ ಹೆಸರು ಹೇಳಬೇಕು, 2001ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಕೂಡಿಯಾಟ್ಟವೂ ಅಲ್ಲುಂಟು.

ಭಾಷೆ ತಿಳಿಯದೆಂಬ ಅಂಜಿಕೆ ಬೇಡ. ಕಥಕಳಿಯ ವೇಷಧಾರಿ ಯಕ್ಷಗಾನದವರಂತೆ ಅರ್ಥ ಹೇಳುವುದಿಲ್ಲ. ಹಾಡುವವರು ಹಿಂದೆ, ಮಾತೆಲ್ಲ ಕೈಮುದ್ರೆಯಲ್ಲಿ. ನಳ, ಕೀಚಕರ ಕಥೆ ಕನ್ನಡಿಗರಿಗೆ ಹೊಸತಲ್ಲ. ಕಥೆಯನ್ನು ಮೊದಲೇ ಹೇಳಿಟ್ಟರೆ ಅರ್ಧ ಕೆಲಸ ಮುಗಿಯಿತು.

ಸಂಘದ ವಾರ್ಷಿಕೋತ್ಸವದ ನಾಟಕಕ್ಕೂ ಇದೇ ಮಾತು. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಕಾರಣ ಸಹಿತ ಹೇಳುವ ಪ್ರೇಕ್ಷಕ, ಹೊಗಳಿಕೆಯ ಹಾರಕ್ಕಿಂತ ಕಲಾವಿದನಿಗೆ ಹೆಚ್ಚು ಬೇಕಾದವನು.