ಹೊತ್ತು ಮುಳುಗುವ ಮುನ್ನ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಬರುವ ಅನೇಕ ಕ್ರೈಸ್ತ ಕುಟುಂಬಗಳ ಕೈಯಲ್ಲಿ ಕೇಕಿನ ತುಂಡಿನ ಜೊತೆಗೆ ಒಂದು ಪುಟ್ಟ ಕಾರ್ಡ್ ಇರುತ್ತದೆ. ಅದು ಹೊಸ ವರ್ಷದ ವಾಗ್ದಾನ ವಚನ. ಒಬ್ಬರಿಗೆ ಯೆರೆಮೀಯ 29:11 ಬಂದಿರುತ್ತದೆ, ಇನ್ನೊಬ್ಬರಿಗೆ ಫಿಲಿಪ್ಪಿ 4:13, ಮತ್ತೊಬ್ಬರಿಗೆ 23ನೇ ಕೀರ್ತನೆಯ ಒಂದು ಸಾಲು. ಮರುದಿನದಿಂದ ಆ ವಚನ ಫ್ರಿಜ್ಜಿನ ಬಾಗಿಲಲ್ಲಿ, ಕಾರಿನ ಹಿಂಗಾಜಿನಲ್ಲಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ನೆಲೆಸುತ್ತದೆ. ಆದರೆ ಯಾಜಕಕಾಂಡ 19:13 ಬಂತೆಂದು ಸಂಭ್ರಮಪಟ್ಟವರು ಬಹುಶಃ ಯಾರೂ ಇರಲಾರರು. ದುಡಿದವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಕೂಡದು ಎನ್ನುವ ವಚನ ಅದು.

ವಾಗ್ದಾನಗಳನ್ನು ಹಿಡಿದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅವುಗಳ ಅಕ್ಕಪಕ್ಕದ ವಚನಗಳನ್ನೂ ಓದಿದರೆ ಸಾಕು. ಶುಭ ಭವಿಷ್ಯದ ಭರವಸೆ ಕೊಡುವ ಯೆರೆಮೀಯನ ಆ ಮಾತು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲಿದೆ. ಅದಕ್ಕೆ ಮುಂಚಿನ ವಚನದಲ್ಲೇ 70 ವರ್ಷ ಕಾಯಬೇಕೆಂಬ ಮಾತಿದೆ. ಅದಕ್ಕೂ ಮೊದಲು, ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿರಿ ಎಂಬ ಕೆಲಸದ ಪಟ್ಟಿಯೇ ಇದೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದ ಪೌಲ ಸೆರೆಯಲ್ಲಿದ್ದ. ಹಸಿವನ್ನೂ ತೃಪ್ತಿಯನ್ನೂ ಸಮನಾಗಿ ತೆಗೆದುಕೊಳ್ಳಲು ಕಲಿತಿದ್ದೇನೆ ಎಂದ ಮೇಲೆ ಆ ಮಾತು ಬಂತು. ಕಾರ್ಡಿನಲ್ಲಿ ಇಷ್ಟಕ್ಕೆಲ್ಲ ಜಾಗವಿರುವುದಿಲ್ಲ.

ಸತ್ಯವೇದದಲ್ಲಿ ಗಡುವು ಹಾಕಿಕೊಂಡೇ ಬಂದ ಕೆಲವು ವಚನಗಳಿವೆ. ಸೂರ್ಯಾಸ್ತವೇ ಆ ಗಡುವು. ಬಡವನ ಹೊದಿಕೆಯನ್ನು ಅಡವಿಗೆ ಇಟ್ಟುಕೊಂಡಿದ್ದರೆ ಹೊತ್ತು ಮುಳುಗುವಷ್ಟರಲ್ಲಿ ಹಿಂದಿರುಗಿಸಬೇಕು ಎನ್ನುತ್ತದೆ ವಿಮೋಚನಕಾಂಡದ 22ನೇ ಅಧ್ಯಾಯ. ಅವನಿಗೆ ರಾತ್ರಿ ಹೊದೆಯಲು ಬೇರೇನಿದೆ ಎಂದು ಅದು ಕೇಳುತ್ತದೆ. ಕೂಲಿಯನ್ನು ಅದೇ ದಿನ ಸೂರ್ಯ ಮುಳುಗುವ ಮೊದಲೇ ಕೊಡಬೇಕು ಎನ್ನುತ್ತದೆ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಕೋಪವನ್ನು ಸೂರ್ಯಾಸ್ತದಾಚೆಗೆ ಒಯ್ಯಬೇಡಿರಿ ಎಂದು ಎಫೆಸದವರಿಗೆ ಪೌಲ ಬರೆದ. ಯೆಹೂದ್ಯರ ಲೆಕ್ಕದಲ್ಲಿ ದಿನ ಮುಗಿಯುವುದೇ ಸಂಜೆಗೆ. ಒಂದು ದಿನದ ಬಾಕಿ ಇನ್ನೊಂದು ದಿನಕ್ಕೆ ದಾಟಬಾರದು, ಅಷ್ಟೇ.

ಇದು ನಮ್ಮ ಬೀದಿಯಲ್ಲಿ ಹೇಗೆ ಕಾಣುತ್ತದೆ? ಶನಿವಾರ ಸಂಜೆ ಆರು ಗಂಟೆ. ಕಾಂಪೌಂಡ್ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿ ಕರಣೆ, ಮಟ್ಟಗೋಲು ತೊಳೆದು ಚೀಲಕ್ಕೆ ಹಾಕಿಕೊಂಡಿದ್ದಾನೆ. ಬಾಂಡ್ಲಿ ಹೊತ್ತ ಹೆಂಗಸು ನಲ್ಲಿಯ ಬಳಿ ಕೈಕಾಲು ತೊಳೆದು, ಊಟದ ಡಬ್ಬಿ ಹಿಡಿದು ಗೇಟಿನ ಪಕ್ಕ ನಿಂತಿದ್ದಾಳೆ. ಇಬ್ಬರಿಗೂ ಇದು ಬಟವಾಡೆಯ ದಿನ. ಮನೆಯ ಯಜಮಾನರು ಫೋನ್ ನೋಡುತ್ತಾ, “ಸರ್ವರ್ ಯಾಕೋ ಡೌನ್ ಇದೆ ಮೇಸ್ತ್ರಿ, ಸೋಮವಾರ ಒಟ್ಟಿಗೇ ಮಾಡಿಬಿಡೋಣ” ಎನ್ನುತ್ತಾರೆ. “ಆಗಲಿ ಸಾರ್” ಎಂದು ಮೇಸ್ತ್ರಿ ತಲೆ ತುರಿಸಿಕೊಳ್ಳುತ್ತಾನೆ. ಬೇರೇನು ಹೇಳಿಯಾನು? ಸೋಮವಾರದ ಕೆಲಸವೂ ಅವರ ಕೈಯಲ್ಲೇ ಇದೆ. ದಿನಸಿ ಅಂಗಡಿಯ ಸಾಲದ ಪುಸ್ತಕಕ್ಕೆ ಇನ್ನೊಂದು ಸಾಲು ಸೇರುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಫೋನಿನಿಂದ ಭಾನುವಾರದ ಊಟಕ್ಕೆ ಒಂದು ಕೆಜಿ ಮಟನ್‌ಗೆ ದುಡ್ಡು ಹೋಗಿರುತ್ತದೆ.

ಇದನ್ನು ಯಾರೂ ಪಾಪವೆಂದು ಲೆಕ್ಕ ಹಾಕುವುದಿಲ್ಲ. ಮೋಸ ಮಾಡುವ ಉದ್ದೇಶ ಯಜಮಾನರಿಗಿಲ್ಲ, ಸೋಮವಾರ ಕೊಟ್ಟೇ ಕೊಡುತ್ತಾರೆ. ಧರ್ಮೋಪದೇಶಕಾಂಡದ ಕಣ್ಣು ಬಿದ್ದಿರುವುದು ಈ ಎರಡು ರಾತ್ರಿಗಳ ಮೇಲೆಯೇ. ಆತ ಬಡವ, ಆ ಕೂಲಿಯ ಮೇಲೆಯೇ ಮನಸ್ಸಿಟ್ಟುಕೊಂಡಿರುತ್ತಾನೆ ಎಂದು ಅದು ಕಾರಣವನ್ನೂ ಕೊಡುತ್ತದೆ. ಉಳ್ಳವನಿಗೆ ಎರಡು ದಿನ ತಡವೆಂದರೆ ಬರೀ ತಡ. ಇಲ್ಲದವನಿಗೆ ಅದು ಸಾಲ, ಮನೆಯಲ್ಲಿ ಮಾತು, ಮಕ್ಕಳೆದುರು ಮುಖಭಂಗ. ಸಂಸತ್ತು 2019ರಲ್ಲಿ ಒಪ್ಪಿದ ವೇತನ ಸಂಹಿತೆಯೂ ದಿನಗೂಲಿಯನ್ನು ಪಾಳಿ ಮುಗಿದಾಗ, ವಾರದ ಕೂಲಿಯನ್ನು ವಾರದ ರಜೆಗೆ ಮುಂಚೆ ಕೊಡಬೇಕೆನ್ನುತ್ತದೆ. ಆದರೆ ನಮ್ಮ ಗೇಟಿನ ಮುಂದೆ ನಿಂತು ಗಡಿಯಾರ ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ಭಕ್ತಿ.

ಅದು ಹಳೆಯ ಒಡಂಬಡಿಕೆ, ನಾವು ಕೃಪೆಯ ಕಾಲದವರು ಎಂದು ಜಾರಿಕೊಳ್ಳಲೂ ದಾರಿಯಿಲ್ಲ. ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯದಲ್ಲಿ ಕೊನೆಗೆ ಬಂದವರಿಗೂ ಮೊದಲು ಬಂದವರಷ್ಟೇ ಕೂಲಿ ಸಿಕ್ಕಿದ್ದನ್ನು ಬೋಧಕರು ಕೃಪೆಗೆ ದೃಷ್ಟಾಂತವಾಗಿ ಹೇಳುತ್ತಾರೆ, ಸರಿಯೇ. ಆದರೆ ಸಂಜೆಯಾದೊಡನೆ ಯಜಮಾನ ಪಾರುಪತ್ಯಗಾರನಿಗೆ ಹೇಳಿದ ಮಾತೇ ಆಳುಗಳನ್ನು ಕರೆದು ಕೂಲಿ ಕೊಡು ಎಂಬುದು. ಅಷ್ಟು ಉದಾರಿಯಾದ ಯಜಮಾನನೂ ಗಡುವು ಮೀರಲಿಲ್ಲ. ಯಾಕೋಬನಂತೂ ಐದನೇ ಅಧ್ಯಾಯದಲ್ಲಿ, ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತಾನೆ. ನಾವು ಅತಿ ಹೆಚ್ಚು ಉದಾಹರಿಸುವ ಆಜ್ಞೆಗಳಲ್ಲೊಂದು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು, ಕೂಲಿಯ ವಚನದಿಂದ ಐದೇ ವಚನ ಮುಂದೆ, ಯಾಜಕಕಾಂಡ 19:18ರಲ್ಲಿದೆ. ಮೊದಲು ಬಟವಾಡೆ, ಆಮೇಲೆ ಪ್ರೀತಿಯ ಮಾತು.

ಸಭೆಯೂ ಒಂದು ಧಣಿಯೇ ಎಂಬುದನ್ನು ಮರೆಯುವಂತಿಲ್ಲ. ದೇವಾಲಯದ ಗಂಟೆ ಬಾರಿಸುವವರು, ಕಸ ಗುಡಿಸುವವರು, ರಾತ್ರಿ ಕಾವಲಿಗಿರುವವರು, ಸಭೆ ನಡೆಸುವ ಶಾಲೆಯ ಆಯಾ, ಇವರೆಲ್ಲರ ಸಂಬಳ ಯಾವ ತಾರೀಖಿಗೆ ಕೈಸೇರುತ್ತದೆ? ಕಾಣಿಕೆ ಡಬ್ಬಿಯ ಲೆಕ್ಕ ಪೈಸೆಗೆ ಪೈಸೆ ಸರಿಯಿದ್ದು ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಮತ್ತಾಯ 23ರಲ್ಲಿ ಯೇಸು ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ದಶಮಾಂಶ ತೆಗೆದು ನ್ಯಾಯ, ಕರುಣೆಗಳನ್ನು ಬಿಟ್ಟವರಿಗೆ ಹೇಳಿದ ಮಾತು ನಮ್ಮ ಕಮಿಟಿಗೂ ಸಲ್ಲುತ್ತದೆ. ದಶಮಾಂಶ ಬೇಡವೆಂದು ಆತ ಹೇಳಲಿಲ್ಲ. ಅದನ್ನೂ ಬಿಡದೆ ಇವನ್ನೂ ಮಾಡಬೇಕಿತ್ತು ಎಂದ.

ವಚನವನ್ನು ಬದುಕಿಗೆ ಅನ್ವಯಿಸುವುದೆಂದರೆ ಅದಕ್ಕೆ ಒಬ್ಬ ವ್ಯಕ್ತಿಯ ಹೆಸರು, ಒಂದು ಮೊತ್ತ, ಒಂದು ಹೊತ್ತು ಸೇರಿಸುವುದು. ಜಕ್ಕಾಯ ಮಾಡಿದ್ದು ಇದನ್ನೇ. ಇನ್ನು ಮೇಲೆ ಒಳ್ಳೆಯವನಾಗಿರುತ್ತೇನೆ ಎಂದಷ್ಟೇ ಹೇಳಿ ಅವನು ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಹೇಳಿದ. ಈ ಮನೆಗೆ ಇಂದು ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ.

ಕೋಪಕ್ಕೂ ಇದೇ ರೀತಿ. ಎಲ್ಲರನ್ನೂ ಕ್ಷಮಿಸಿದ್ದೇನೆ ಎಂದು ಪ್ರಾರ್ಥನೆಯಲ್ಲಿ ಹೇಳುವುದು ಸುಲಭ. ಗದ್ದೆಯ ಪಾಲಿನ ವಿಷಯಕ್ಕೆ ಮಾತು ಬಿಟ್ಟ ತಮ್ಮನಿಗೆ ಈ ಸಂಜೆ ಫೋನ್ ಮಾಡುವುದು ಕಷ್ಟ. ಪೌಲ ಹೇಳಿದ್ದು ಎರಡನೆಯದನ್ನು.

ವಾಗ್ದಾನ ವಚನದ ಕಾರ್ಡ್ ಇರಲಿ. ಅದರ ಹಿಂಬದಿ ಖಾಲಿಯಿರುತ್ತದಲ್ಲ, ಅಲ್ಲಿ ಮನೆಗೆಲಸದವಳ ಸಂಬಳದ ತಾರೀಖು, ಮೇಸ್ತ್ರಿಯ ಬಾಕಿ, ಮಾತು ಬಿಟ್ಟವರ ಹೆಸರು ಬರೆದಿಟ್ಟುಕೊಂಡರೆ ಮುಂಬದಿಯ ವಚನಕ್ಕೆ ಮರ್ಯಾದೆ. ಬಲಿಪೀಠದ ಬಳಿ ಕಾಣಿಕೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದವನ ಆರಾಧನೆಗೆ ಭಾನುವಾರ ಹೊರಡುವವರು, ಶನಿವಾರದ ಬಾಕಿಯನ್ನು ಶನಿವಾರವೇ ತೀರಿಸಬೇಕು.