ಖಾಲಿ ಸರತಿಗೆ ಟೋಕನ್ ಯಾಕೆ?

ರೇಷನ್ ಅಂಗಡಿಗೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ನಿಮ್ಮ ಮುಂದೆ ಒಬ್ಬರೂ ಇಲ್ಲ, ತೂಗುವವನೂ ಸುಮ್ಮನೆ ಕುಳಿತಿದ್ದಾನೆ. ಆದರೂ "ಟೋಕನ್ ತೆಗೆದುಕೊಂಡು ಆಚೆ ಕುಳಿತಿರಿ, ಮತ್ತೆ ಕರೆಯುತ್ತೇವೆ" ಎಂದರೆ ಸಿಟ್ಟು ಬರುವುದಿಲ್ಲವೇ? ಕಂಪ್ಯೂಟರಿನ ಒಳಗೂ ಇಂಥ ಟೋಕನ್ ವ್ಯವಹಾರ ಉಂಟು.

ನಮ್ಮ ಶಾಲೆಯ ಲ್ಯಾಬಿನಲ್ಲಿರುವುದು ಲಿನಕ್ಸ್. ಅದರ ತಿರುಳಾದ ಕರ್ನೆಲ್, ನಾವು ಕಳಿಸುವುದನ್ನೆಲ್ಲ ಪ್ಯಾಕೆಟ್‌ಗಳಾಗಿ ಕಟ್ಟಿ ಸರತಿಯಲ್ಲಿಡುತ್ತದೆ. ಅಲ್ಲಿಂದ ಅವು ನೆಟ್‌ವರ್ಕ್ ಕಾರ್ಡಿಗೆ ಹೋಗುತ್ತವೆ. ಒಂದೇ ಸಲಕ್ಕೆ ತುಂಬ ಪ್ಯಾಕೆಟ್ ಬಂದರೆ, ಸಾಮಾನ್ಯವಾಗಿ 64ರಷ್ಟು ಕಳಿಸಿ, ಉಳಿದದ್ದನ್ನು 'ಆಮೇಲೆ' ಎಂದು ಶೆಡ್ಯೂಲ್ ಮಾಡಿಬಿಡುತ್ತದೆ. ಅದು ನ್ಯಾಯವೇ, ಪ್ರೊಸೆಸರಿಗೆ ಬೇರೆ ಕೆಲಸವೂ ಇದೆಯಲ್ಲ. ಆದರೆ ಸರತಿ ಖಾಲಿ, ಕಾರ್ಡೂ ಬಿಡುವು ಎಂದಾದರೆ ಒಂಟಿ ಪ್ಯಾಕೆಟಿಗೆ 'ಆಮೇಲೆ' ಯಾಕೆ? ಪ್ರತಿ ಶೆಡ್ಯೂಲಿಗೂ ಪ್ರೊಸೆಸರಿನ ಸಮಯ ಖರ್ಚಾಗುತ್ತದೆ, ಪ್ಯಾಕೆಟೂ ತಡವಾಗುತ್ತದೆ. ನೇರವಾಗಿ ಕೊಟ್ಟುಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಹಾಗೆಂದು ಕಂಡಕಂಡ ಶೆಡ್ಯೂಲನ್ನೆಲ್ಲ ಕಿತ್ತುಹಾಕಿದರೆ ಫಜೀತಿ. 2018ರಲ್ಲಿ ಬಂದ 4.16ನೇ ಆವೃತ್ತಿಯಲ್ಲಿ 'ಪಿಫಿಫೋ ಫಾಸ್ಟ್' ಎಂಬ ಸರತಿಯ ಬೀಗವನ್ನು ವೇಗಕ್ಕಾಗಿ ತೆಗೆದರು. ಆಗ ಒಂದು ಸಣ್ಣ ಸಂದು ಉಳಿಯಿತು. ಒಂದು ಪ್ರೊಸೆಸರ್ ಸರತಿ ನೋಡಿ, ಖಾಲಿ ಎಂದು ಹೊರಡಲು ಅಣಿಯಾಗುತ್ತದೆ. ಅದೇ ಗಳಿಗೆಗೆ ಇನ್ನೊಂದು ಬಂದು ತನ್ನ ಪ್ಯಾಕೆಟ್ ಇಡುತ್ತದೆ. ಮೊದಲನೆಯದು ಇನ್ನೂ ಅಲ್ಲೇ ಇರುವುದನ್ನು ಕಂಡು, 'ಅವನೇ ಕಳಿಸುತ್ತಾನೆ' ಎಂದು ಹೋಗಿಬಿಡುತ್ತದೆ. ಮೊದಲನೆಯದೂ ಹೊರಟುಹೋಗುತ್ತದೆ. ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ಉಳಿದುಹೋಗುವುದೂ ಹೀಗೆಯೇ!

ಇದು ಸರಿಯಾದದ್ದು 2021ರಲ್ಲಿ, 5.13ನೇ ಆವೃತ್ತಿಯಲ್ಲಿ. ಎರಡನೆಯದು ಈಗ ಹೋಗುವ ಮುಂಚೆ 'ಒಂದು ಬಾಕಿ ಇರಬಹುದು' ಎಂದು ಗುರುತು ಹಾಕುತ್ತದೆ. ಮೊದಲನೆಯದು ಸರತಿ ಬಿಡುವಾಗ ಆ ಗುರುತನ್ನು ನೋಡುತ್ತದೆ, ಇದ್ದರೆ ಮಾತ್ರ ಶೆಡ್ಯೂಲ್ ಮಾಡುತ್ತದೆ. ಇದಾದ ಮೇಲೆಯೇ, 5.14ರಲ್ಲಿ, ಈ ಬೀಗವಿಲ್ಲದ ಸರತಿ ಖಾಲಿಯಿದ್ದಾಗ ಪ್ಯಾಕೆಟನ್ನು ನೇರವಾಗಿ ಕಾರ್ಡಿಗೆ ದಾಟಿಸುವ ದಾರಿ ಮಾಡಿದರು. ಈ ಕ್ರಮ ನನಗೆ ಮೆಚ್ಚುಗೆಯಾಯಿತು. ಕೊನೆಯ ಆ ಒಂದು ನೋಟವನ್ನು ಯಾರೂ ದಂಡ ಎನ್ನಬಾರದು.

ಇದನ್ನು ಬೋರ್ಡಿನ ಮೇಲೆ ಬರೆದು ಕನ್ನಡದಲ್ಲೇ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಸಿಕ್ಕಿಬಿದ್ದ ಆ ಪ್ಯಾಕೆಟ್ ಎಷ್ಟು ಹೊತ್ತು ಕಾಯಬೇಕು?"

ಇನ್ನೊಂದು ಪ್ಯಾಕೆಟ್ ಬಂದು ಸರತಿಯನ್ನು ಎಬ್ಬಿಸುವವರೆಗೆ, ಎಂದೆ.

"ಅದು ಬಾರದಿದ್ದರೆ?"