ಕೌನ್ಸೆಲರ್ ಬಾಗಿಲು ತಟ್ಟೋ ಮೊದಲು

ಸ್ವಲ್ಪ ಉದ್ದದ ಪೋಸ್ಟು. ಬಿಡುವಾದಾಗ ಓದಿ, ಆದರೆ ಓದಿ.

ಈಚೆಗೆ ನನ್ನ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಕಡೆಯಿಂದ ಬರ್ತಿದೆ. "ಅಕ್ಕಾ, ಕೌನ್ಸೆಲಿಂಗ್‌ಗೆ ಹೋಗೋಣ ಅನ್ಸುತ್ತೆ. ಅಲ್ಲಿ ಏನ್ ಮಾಡ್ತಾರೆ? ಎಷ್ಟಾಗುತ್ತೆ? ನಮ್ಮಂಥೋರಿಗೆ ಅದು ಆಗಿಬರುತ್ತಾ?" ಕೇಳ್ತಿರೋರಲ್ಲಿ ಹಾಸ್ಟೆಲ್ ಹುಡುಗರಿದ್ದಾರೆ, ಪಿಎಚ್‌ಡಿ ಮಾಡ್ತಿರೋ ಹುಡುಗೀರಿದ್ದಾರೆ, ಚಳವಳಿಯಲ್ಲೇ ತಲೆ ಬೆಳ್ಳಗಾದ ಹಿರಿಯರೊಬ್ಬರೂ ಇದ್ದಾರೆ. ನಾನು ಒಂದೂವರೆ ವರ್ಷದಿಂದ ಬೆಂಗಳೂರಿನಲ್ಲಿ ಖಾಸಗಿ ಕೌನ್ಸೆಲರ್ ಹತ್ತಿರ ಹೋಗ್ತಿದ್ದೀನಿ. ಮುಚ್ಚಿಡೋ ವಿಷಯ ಅಂತ ನನಗೆ ಅನಿಸಿಲ್ಲ. ಎಲ್ಲರಿಗೂ ಸೇರಿ ಇಲ್ಲೇ ಬರೀತಿದ್ದೀನಿ.

ಮೊದಲು ನಮ್ಮೊಳಗಿನ ತಕರಾರು. "ಕಾಯಿಲೆ ಇರೋದು ಸಮಾಜಕ್ಕೆ, ಚಿಕಿತ್ಸೆ ನಮಗ್ಯಾಕೆ?" ಅಂತಾರೆ. ಅರ್ಧ ನಿಜ. ಫ್ರಾಂಟ್ಜ್ ಫ್ಯಾನನ್ ಹೆಸರು ನಾವು ಭಾಷಣದಲ್ಲಿ ಬಹಳ ಬಳಸ್ತೀವಿ. ಆತ ವೃತ್ತಿಯಲ್ಲಿ ಮನೋವೈದ್ಯ. ವಸಾಹತುಶಾಹಿಯೇ ಜನರ ಮನಸ್ಸನ್ನು ಮುರೀತಿದೆ ಅಂತ 1956ರಲ್ಲಿ ಅಲ್ಜೀರಿಯಾದ ಬ್ಲೀದಾ ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಆದರೆ ಆಮೇಲೂ ಟ್ಯೂನಿಸ್‌ನಲ್ಲಿ ಕೂತು ರೋಗಿಗಳನ್ನು ನೋಡೋದು ಬಿಡಲಿಲ್ಲ. ಒಂದು ಕೈಯಲ್ಲಿ ವಿಮೋಚನೆಯ ಕೆಲಸ, ಇನ್ನೊಂದು ಕೈಯಲ್ಲಿ ಚಿಕಿತ್ಸೆ. ನಮಗೆ ಮಾತ್ರ ಎರಡರಲ್ಲಿ ಒಂದೇ ಆರಿಸ್ಕೊಳ್ಳಿ ಅಂತ ಯಾರು ಹೇಳಿದ್ದು?

ಬಾಬಾಸಾಹೇಬರನ್ನೇ ನೋಡಿ. ಬರೋಡದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದ ಗುಂಪು ತಮ್ಮನ್ನು ಹೊರಹಾಕಿದ್ದನ್ನು ಅವರು ಬರೆಯೋ ಹೊತ್ತಿಗೆ ಹದಿನೆಂಟು ವರ್ಷ ಕಳೆದಿತ್ತು. ಆಗಲೂ ನೆನೆದಾಗೆಲ್ಲ ಕಣ್ಣಲ್ಲಿ ನೀರು ಬರುತ್ತೆ ಅಂತ ತಾವೇ ದಾಖಲಿಸಿದ್ದಾರೆ. ಕೊಲಂಬಿಯಾದಲ್ಲಿ ಓದಿ ಬಂದ ಆ ಮನುಷ್ಯ ನೋವಿಗೆ ನಾಚಿಕೊಳ್ಳಲಿಲ್ಲ. ನಾವು ಫ್ಯಾಕ್ಟ್ ಫೈಂಡಿಂಗ್‌ಗೆ ಹೋಗಿ, ಸುಟ್ಟ ಗುಡಿಸಲು ನೋಡಿ, ಅಳೋ ತಾಯಂದಿರ ಮಾತು ಬರ್ಕೊಂಡು, ರಾತ್ರಿ ಬಸ್ಸಿಗೆ ವಾಪಸ್ ಬಂದು ಬೆಳಗ್ಗೆ ಪ್ರೆಸ್‌ಮೀಟ್ ಮಾಡ್ತೀವಿ. ಆ ರಾತ್ರಿ ಬಸ್ಸಲ್ಲಿ ನಮ್ಮ ತಲೆಯೊಳಗೆ ಏನು ನಡೀತು ಅಂತ ಯಾವ ವರದಿಯಲ್ಲೂ ಇರಲ್ಲ. ಅದನ್ನು ಇಡೋಕೂ ಒಂದು ಜಾಗ ಬೇಕು.

ಈಗ ವ್ಯವಹಾರದ ಮಾತು.

ಯಾರು ಯಾರು ಅನ್ನೋದು ಮೊದಲು ಗೊತ್ತಿರಲಿ. ಮಾತ್ರೆ ಬರೆಯೋರು ಸೈಕಿಯಾಟ್ರಿಸ್ಟ್, ಅವರು ಎಂಬಿಬಿಎಸ್ ಮಾಡಿದ ಡಾಕ್ಟರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದ್ರೆ ಆರ್‌ಸಿಐಯಲ್ಲಿ, ನೋಂದಣಿ ಇರಬೇಕು. "ಕೌನ್ಸೆಲರ್" ಅನ್ನೋ ಬೋರ್ಡಿಗೆ ಅಷ್ಟು ಬಿಗಿ ಇಲ್ಲ. 2021ರಲ್ಲಿ ಒಂದು ಕಾನೂನು ಬಂತು, ಜಾರಿ ಇನ್ನೂ ತೆವಳ್ತಿದೆ. ಆದ್ದರಿಂದ ಎಲ್ಲಿ ಓದಿದ್ರಿ, ಏನು ಓದಿದ್ರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡ್ತೀರಿ ಅಂತ ಕೇಳಿ. ಒಳ್ಳೆಯವರು ಬೇಜಾರು ಮಾಡ್ಕೊಳ್ಳದೆ ಹೇಳ್ತಾರೆ. ಮುಖ ಗಂಟು ಹಾಕಿದ್ರೆ ನಿಮಗೆ ಉತ್ತರ ಸಿಕ್ತು.

ಮೊದಲ ದಿನ ಸೋಫಾದ ಮೇಲೆ ಮಲಗಿಸಲ್ಲ, ಸಿನಿಮಾದಲ್ಲಿ ಮಾತ್ರ ಹಾಗೆ. ಒಂದು ಫಾರ್ಮ್ ತುಂಬಿಸ್ತಾರೆ. ನಿದ್ದೆ, ಊಟ, ಮನೆ, ಕೆಲಸ, ಕುಡಿತ, ಹಿಂದೆ ತಗೊಂಡ ಚಿಕಿತ್ಸೆ ಎಲ್ಲ ಕೇಳ್ತಾರೆ. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಬಹುದು, ಗಾಬರಿ ಬೀಳಬೇಡಿ, ಅದು ಅವರ ಕರ್ತವ್ಯ. ಎಲ್ಲವನ್ನೂ ಅವತ್ತೇ ಹೇಳಬೇಕಾಗಿಲ್ಲ. "ಇದನ್ನ ಆಮೇಲೆ ಹೇಳ್ತೀನಿ" ಅಂದ್ರೂ ನಡೆಯುತ್ತೆ. ನಲವತ್ತೈದು ನಿಮಿಷದಿಂದ ಒಂದು ಗಂಟೆ. ನಾನು ಕೊಡೋದು ಒಂದು ಸೆಷನ್ನಿಗೆ 1,200 ರೂಪಾಯಿ. ಇದಕ್ಕಿಂತ ಕಡಿಮೆಗೂ ಇದೆ, ದುಪ್ಪಟ್ಟಿಗೂ ಇದೆ. ಆದಾಯ ನೋಡಿ ಫೀಸು ಇಳಿಸೋರು ಇದ್ದಾರೆ, ಬಾಯಿ ಬಿಟ್ಟು ಕೇಳಬೇಕು. ಕ್ಯಾನ್ಸಲ್ ಮಾಡಿದ್ರೆ ದುಡ್ಡು ಹೋಗುತ್ತಾ ಅಂತಾನೂ ಮೊದಲೇ ಕೇಳಿ.

ಗುಟ್ಟು ಉಳಿಯುತ್ತಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತೆ. ಖಾಸಗಿ ಕೌನ್ಸೆಲರ್ ಆದ್ರೆ ಇದನ್ನು ಬರಹದಲ್ಲೇ ತಗೊಳ್ಳಿ. ವಿನಾಯಿತಿಗಳೂ ಇವೆ: ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಮತ್ತೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ. ಕೊನೆಯದು ಗೊತ್ತಾದ ಯಾರೇ ಆಗಲಿ ಪೋಕ್ಸೊ ಪ್ರಕಾರ ತಿಳಿಸಲೇಬೇಕು. ಇದೇ 2017ರ ಕಾಯ್ದೆಯಲ್ಲಿ ನಮಗೆ ಬೇಕಾದ ಇನ್ನೆರಡು ಮಾತಿವೆ. ಜಾತಿಯ ಆಧಾರದ ಮೇಲೆ ಭೇದ ಮಾಡದೆ ಸೇವೆ ಕೊಡಬೇಕು. ಒಬ್ಬರ ರಾಜಕೀಯ ಅಥವಾ ಸಾಮಾಜಿಕ ಸ್ಥಾನ ನೋಡಿ, ಸಮುದಾಯದ ಕಟ್ಟುಪಾಡಿಗೆ ಒಗ್ಗಲಿಲ್ಲ ಅಂತ, ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನಿಸೋ ಹಾಗಿಲ್ಲ. ಹೋರಾಟಗಾರರನ್ನ "ತಲೆ ಕೆಟ್ಟೋರು" ಅನ್ನೋರಿಗೆ ಇದನ್ನು ಓದಿ ಹೇಳಿ.

ಇನ್ನು ಜಾತಿ ವಿಷಯ. ಈ ಪೋಸ್ಟು ಬರೆಯೋಕೆ ಕೂತಿದ್ದೇ ಇದಕ್ಕೆ.

ನಾನು ಮೊದಲು ಹೋದ ಕೌನ್ಸೆಲರ್ ಸಭ್ಯರು, ಮೃದು ಮಾತು. ಬಾಡಿಗೆ ಮನೆ ಓನರ್ ಮೊದಲ ನಿಮಿಷದಲ್ಲೇ ಕೇಳೋ ಪ್ರಶ್ನೆಯನ್ನು ಅವರು ಮೂರು ಸೆಷನ್ ಆದ್ರೂ ಕೇಳಲಿಲ್ಲ. ನಾನೇ ಹೇಳಿದೆ. ಆಫೀಸಿನಲ್ಲಿ ನನ್ನ ಟಿಫಿನ್ ಡಬ್ಬಿ ತೆಗೆದ ಕೂಡಲೇ ಎದ್ದು ಹೋಗೋರ ಬಗ್ಗೆ ಹೇಳಿದೆ. "ಅವರಿಗೆ ಬೇರೆ ಕೆಲಸ ಇದ್ದಿರಬಹುದಲ್ವಾ? ನೀವು ಸ್ವಲ್ಪ ಹೆಚ್ಚು ಯೋಚನೆ ಮಾಡ್ತೀರಾ ಅನ್ಸುತ್ತೆ" ಅಂದ್ರು. ಕಂಡಿದ್ದನ್ನು ಕಂಡೆ ಅಂದ್ರೆ ಅದೇ ರೋಗಲಕ್ಷಣ ಆಗೋಯ್ತು. ನಾಲ್ಕನೇ ಸೆಷನ್ನಿಗೆ ನಾನು ಹೋಗಲಿಲ್ಲ.

ಎರಡನೆಯವರಿಗೆ ಫೋನಲ್ಲೇ ಕೇಳಿದೆ: "ನಾನು ದಲಿತ ಹೆಣ್ಣುಮಗಳು. ಜಾತಿ ಅವಮಾನದ ಬಗ್ಗೆ ಮಾತಾಡೋದಿದೆ. ಇದರ ಬಗ್ಗೆ ಏನು ಓದಿದ್ದೀರಿ, ಇಂಥವರ ಜತೆ ಕೆಲಸ ಮಾಡಿದ್ದೀರಾ?" ಒಂದು ಕ್ಷಣ ಸುಮ್ಮನಿದ್ದು, "ಕಡಿಮೆ ಮಾಡಿದ್ದೀನಿ, ಆದರೆ ನಿಮಗೆ ಪಾಠ ಹೇಳೋ ಹೊರೆ ಹಾಕಲ್ಲ, ನಾನೇ ಓದ್ಕೊಳ್ತೀನಿ" ಅಂದ್ರು. ಆ ಉತ್ತರಕ್ಕೆ ನಾನು ಹೋದೆ. ಅವರು ನಮ್ಮ ಜಾತಿಯವರಲ್ಲ. ನಮ್ಮವರೇ ಸಿಕ್ಕರೆ ಒಳ್ಳೇದು. ದಿವ್ಯಾ ಕಂಡುಕೂರಿ ಕಟ್ಟಿದ ಬ್ಲೂ ಡಾನ್ ಥರದ ಬಹುಜನ ಪ್ರಯತ್ನಗಳು ಹುಟ್ಟಿದ್ದೇ ಆ ಕೊರತೆಯಿಂದ. ಸಿಗದಿದ್ರೆ ಈ ಪ್ರಶ್ನೆ ಕೇಳಿ. ದುಡ್ಡು ಕೊಡೋರು ನೀವು. ಕೌನ್ಸೆಲರ್ ಬದಲಾಯಿಸೋದು ನಿಮ್ಮ ಹಕ್ಕು.

ಭಾಷೆನೂ ನೋಡ್ಕೊಳ್ಳಿ. ಅವಮಾನ ಆಗಿದ್ದು ಕನ್ನಡದಲ್ಲಿ, ಹೇಳೋದು ಇಂಗ್ಲಿಷಿನಲ್ಲಿ ಅಂದ್ರೆ ಅರ್ಧ ಗಂಟಲಲ್ಲೇ ಉಳಿಯುತ್ತೆ. ಆನ್‌ಲೈನ್ ಸೆಷನ್ ಅಗ್ಗ ನಿಜ, ಆದರೆ ಒಂದೇ ಕೋಣೆಯ ಮನೆಯಲ್ಲಿ, ಆರು ಜನರ ಹಾಸ್ಟೆಲ್ ರೂಮಿನಲ್ಲಿ ಎಲ್ಲಿ ಕೂತು ಅಳೋದು? ಟೆರೇಸು, ಪಾರ್ಕು, ಗೆಳೆಯರ ರೂಮು ಮೊದಲೇ ಗೊತ್ತು ಮಾಡ್ಕೊಳ್ಳಿ.

ಮೊದಲ ಕೆಲವು ವಾರ ಹಗುರ ಆಗೋ ಬದಲು ಭಾರ ಆಗಬಹುದು. ಗಾಯ ತೊಳೆಯುವಾಗ ಉರಿಯುತ್ತೆ. ಐದಾರು ಸೆಷನ್ ಆದ ಮೇಲೆ "ನಾವು ಎಲ್ಲಿಗೆ ಬಂದ್ವಿ?" ಅಂತ ಅವರನ್ನೇ ಕೇಳಿ. ನನಗೆ ಏನು ಸಿಕ್ತು ಅಂದ್ರೆ, ನಿದ್ದೆ. ಮತ್ತೆ, ಮೀಟಿಂಗಿನಲ್ಲಿ ನಮ್ಮವರ ಮೇಲೇ ಕೂಗಾಡೋದು ಕಡಿಮೆ ಆಯ್ತು. ಜಾತಿ ಇದ್ದಲ್ಲೇ ಇದೆ. ಅದರ ಜತೆ ಬಡಿದಾಡೋಕೆ ಮೈಯಲ್ಲಿ ಸ್ವಲ್ಪ ಕಸುವು ಉಳೀತಿದೆ.

ಸಾಯೋ ಯೋಚನೆ ಕಾಡ್ತಿದ್ರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 14416, ಟೆಲಿ ಮಾನಸ್. ಉಚಿತ, 24 ಗಂಟೆ, ಕನ್ನಡದಲ್ಲಿ ಮಾತಾಡ್ತಾರೆ. ದುಡ್ಡಿಲ್ಲದವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಇವೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದೇ 1980ರ ದಶಕದ ನಮ್ಮ ಬಳ್ಳಾರಿ. ಅಂಥ ರಾಜ್ಯದಲ್ಲಿ ಹಾಸ್ಟೆಲ್ ಮಗುವಿಗೆ ಮಾತಾಡೋಕೆ ಒಬ್ಬರಿಲ್ಲ ಅಂದ್ರೆ ಹೇಗೆ?

ರೋಹಿತ್ ವೇಮುಲ, ಪಾಯಲ್ ತಡ್ವಿ ಅಂತ ಪ್ರತಿ ವರ್ಷ ಮೇಣದಬತ್ತಿ ಹಚ್ತೀವಿ. ಅವರನ್ನು ನೂಕಿದ್ದು ಜಾತಿ ವ್ಯವಸ್ಥೆ, ಕೌನ್ಸೆಲಿಂಗ್ ಅದಕ್ಕೆ ನ್ಯಾಯ ಕೊಡಲ್ಲ. ಕಾಲೇಜುಗಳು "ಕೌನ್ಸೆಲರ್ ಇಟ್ಟಿದ್ದೀವಿ" ಅಂತ ಹೇಳಿ ಕೈತೊಳ್ಕೊಳ್ಳೋಕೆ ಬಿಡಬಾರದು. ಆದರೆ ನ್ಯಾಯ ಬರೋ ತನಕ ನಮ್ಮ ಮಕ್ಕಳು ಬದುಕಿರಬೇಕಲ್ಲ.

ಹಾಗಾಗಿ ನನ್ನ ಒತ್ತಾಯ ಎರಡು. ಒಂದು, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡಿನಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಜಾತಿ ಅರ್ಥ ಆಗೋ, ಕನ್ನಡ ಬರೋ ಕೌನ್ಸೆಲರ್‌ಗಳನ್ನು ನೇಮಿಸಬೇಕು. ನಮ್ಮ ಮಕ್ಕಳೇ ಸೈಕಾಲಜಿ ಓದಿ ಕೆಲಸ ಇಲ್ಲದೆ ಕೂತಿದ್ದಾರೆ, ಅವರಿಂದಲೇ ಶುರು ಮಾಡಲಿ. ಎರಡು, ಅಲ್ಲಿಯವರೆಗೆ ನಮ್ಮ ಸಂಘಟನೆಗಳು ಬ್ಯಾನರ್‌ಗೆ, ಶಾಮಿಯಾನಕ್ಕೆ ಎತ್ತೋ ಚಂದಾದಲ್ಲಿ ಒಂದು ಪಾಲು ಕಾರ್ಯಕರ್ತರ ಸೆಷನ್ನಿಗೆ ಇಡಬೇಕು. ಮುಂದಿನ ಜಿಲ್ಲಾ ಸಭೆಯಲ್ಲಿ ಈ ಎರಡನ್ನೂ ಮಂಡಿಸ್ತೀನಿ. ಜತೆಗೆ ನಿಲ್ಲೋರು ಹೆಸರು ಕೊಡಿ. ಜಾತಿ ಬಗ್ಗೆ ಸರಿಯಾಗಿ ಕೇಳಿಸ್ಕೊಂಡ ಕೌನ್ಸೆಲರ್ ನಿಮಗೆ ಗೊತ್ತಿದ್ರೆ, ಅವರ ಒಪ್ಪಿಗೆ ತಗೊಂಡು ಇನ್‌ಬಾಕ್ಸಿಗೆ ಕಳಿಸಿ, ಕೇಳಿದವರಿಗೆ ತಲುಪಿಸ್ತೀನಿ.

ಜೈ ಭೀಮ್.